ಡಬಲ್ ಬ್ಯಾರೆಲ್ಲೋ, .315 ರೈಫಲ್ಲೋ?

ಕನಸಿನ ಕೋವಿಗಳ ಪಟ್ಟಿ ಎಷ್ಟೇ ಉದ್ದ ಇರಲಿ, ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸುದಾರರಿಗೆ ಎರಡೇ ಕೋವಿ. ಹಾಗಾಗಿ ಮೊದಲನೆಯದು ಯಾವುದು ಅನ್ನುವುದು ಮುಖ್ಯ.

ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೆ ಇರುವವರಿಗೆ ನನ್ನ ಮಾತು 12 ಬೋರ್ (ಬೋರ್ ಅಂದರೆ ನಳಿಗೆಯ ಅಳತೆ) ಡಬಲ್ ಬ್ಯಾರೆಲ್, ಅಂದರೆ ಜೋಡಿ ನಳಿಗೆಯ ಚರೆ ಕೋವಿ. ಮಡಚಿ ತೆರೆದರೆ ಸಾಕು, ಎರಡೂ ನಳಿಗೆ ಖಾಲಿ ಇವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ಸಮಾಧಾನ, ಅಲ್ವಾ? ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ಬಲವೂ 40 ಮೀಟರ್ ದಾಟಿದರೆ ಬೇಗ ಕುಗ್ಗುತ್ತದೆ, ಹಾಗಾಗಿ ದೂರದವರಿಗೆ ಅಪಾಯ ಕಡಿಮೆ.

.315 ರೈಫಲ್ (ಒಂದೊಂದೇ ಗುಂಡು ಹಾರಿಸುವ ಕೋವಿ) ನನಗೂ ಬಹಳ ಇಷ್ಟ. ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ವಂಶದ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಬಗೆ), ಗುರಿ ಚೊಕ್ಕ, ಬೋಲ್ಟ್ ಎಳೆದು ತಳ್ಳುವ ಖುಷಿಯೇ ಬೇರೆ. ಆದರೆ ಗುರಿ ತಪ್ಪಿದ ಗುಂಡು ಕಿಲೋಮೀಟರ್ ಆಚೆಗೂ ಹೋಗುತ್ತದೆ, ನಮ್ಮಲ್ಲೋ ಗುಡ್ಡ ಇಳಿದರೆ ಇನ್ನೊಂದು ಮನೆ, ಮರದ ಮೇಲೆ ಅಡಿಕೆ ಕೊಯ್ಯುವವರು, ಕಾಡಿನ ದಾರಿಯಲ್ಲಿ ದನ ಹುಡುಕುವವರು. ರೇಂಜ್‌ನಲ್ಲಿ ಗುರಿ ಅಭ್ಯಾಸ ಮಾಡುವವರು ಮಾತ್ರ ಇದನ್ನು ಮೊದಲು ತಗೊಳ್ಳಿ.

ಮಳೆಗಾಲದ ತುಕ್ಕು ಎರಡಕ್ಕೂ ಒಂದೇ. ಎಣ್ಣೆ ಬಟ್ಟೆ ಬಿಡಬೇಡಿ. ಲೈಸೆನ್ಸ್ ಇದೆ ಅಂತ ಬೇಟೆಗೆ ಹೋಗುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ದುಡ್ಡಿನ ಚಿಂತೆಯೇ ಇಲ್ಲದಿದ್ದರೆ? ಲಂಡನ್ನಿನ ಕೋವಿ ತಯಾರಕರಾದ ಹಾಲೆಂಡ್ ಆಂಡ್ ಹಾಲೆಂಡ್ ಅವರ ಜೋಡಿ ನಳಿಗೆ. ಕೈಕೆತ್ತನೆಯ ಆ ಕೆಲಸದ ಮುಂದೆ ನನಗೆ ಬೇರೆ ಯಾವುದೂ ಬೇಡ.