ಟಿವಿ ಸ್ಟಿಕ್‌ನಲ್ಲಿ ಪ್ಲೆಕ್ಸ್, ಕೋಡಿ, ಜೆಲ್ಲಿಫಿನ್: ನನ್ನ ಮತ ಜೆಲ್ಲಿಫಿನ್‌ಗೆ

ಹಳೆಯ ಲ್ಯಾಪ್‌ಟಾಪ್ ಒಂದನ್ನು ಸರ್ವರ್ ಮಾಡಿಟ್ಟು, ಅದರಲ್ಲಿರುವ ಸಿನಿಮಾಗಳನ್ನು ಟಿವಿಗೆ ಸಿಕ್ಕಿಸಿದ ಸ್ಟಿಕ್‌ನಲ್ಲಿ ನೋಡುವುದು ನಮ್ಮ ಮನೆಯ ರೂಢಿ. ಇದಕ್ಕಾಗಿ ಪ್ಲೆಕ್ಸ್, ಕೋಡಿ, ಜೆಲ್ಲಿಫಿನ್ ಎಂಬ ಮೂರೂ ಆ್ಯಪ್‌ಗಳನ್ನು ಬಳಸಿ ನೋಡಿದ್ದೇನೆ. ಕೊನೆಗೆ ಸ್ಟಿಕ್‌ನಲ್ಲಿ ಉಳಿದದ್ದು ಜೆಲ್ಲಿಫಿನ್ ಒಂದೇ. ಆದ್ದರಿಂದ ಈ ಹೋಲಿಕೆಯಲ್ಲಿ ಯಾರೂ ನಿಷ್ಪಕ್ಷಪಾತವನ್ನು ಹುಡುಕಬೇಡಿ.

ಅಂದಚಂದದಲ್ಲಿ ಪ್ಲೆಕ್ಸ್ ಮುಂದು. ಕೋಡಿಯ ಗುಣವೇ ಬೇರೆ: ಅದಕ್ಕೆ ಸರ್ವರ್ ಆ್ಯಪ್ ಬೇಡ, ಹಂಚಿಕೊಂಡ ಫೋಲ್ಡರ್ ತೋರಿಸಿದರೆ ಸಾಕು. ಆದರೆ ಎಲ್ಲಿಯವರೆಗೆ ನೋಡಿದೆವು ಎಂಬ ಲೆಕ್ಕವನ್ನು ಅದು ಆಯಾ ಸ್ಟಿಕ್‌ನಲ್ಲೇ ಇಟ್ಟುಕೊಳ್ಳುತ್ತದೆ. ಹಾಲ್‌ನಲ್ಲಿ ಅರ್ಧಕ್ಕೆ ಬಿಟ್ಟ ಸಿನಿಮಾದ ಸುದ್ದಿ ಮಲಗುವ ಕೋಣೆಯ ಟಿವಿಗೆ ತಲುಪಬೇಕಾದರೆ ಪ್ರತ್ಯೇಕ ಡೇಟಾಬೇಸ್ ಕೂರಿಸಬೇಕು. ಜೊತೆಗೆ ಪೋಸ್ಟರ್‌ಗಳ ರಾಶಿ ಬೆಳೆಯುತ್ತಾ ಹೋಗಿ 8 ಜಿಬಿ ಜಾಗದ ಸ್ಟಿಕ್ ಉಸಿರುಗಟ್ಟುತ್ತದೆ.

ನಿಜವಾದ ತಲೆನೋವು ಸಬ್‌ಟೈಟಲ್. ಸಾಮಾನ್ಯವಾಗಿ ಒತ್ತಿ ಚಿಕ್ಕದಾಗಿಸಿದ ವಿಡಿಯೋವನ್ನು ಬಿಡಿಸಿ ಚಿತ್ರವಾಗಿಸುವ (ಡಿಕೋಡ್) ಕೆಲಸ ಸ್ಟಿಕ್‌ನದೇ. ಸರ್ವರ್ ಕಡತವನ್ನು ಇದ್ದ ಹಾಗೆಯೇ ಕಳುಹಿಸಿ ಸುಮ್ಮನಿರುತ್ತದೆ. ಆದರೆ ಬ್ಲೂ-ರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್‌ನಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರಗಳ ಚಿತ್ರಗಳು. ಸ್ಟಿಕ್‌ನ ಆ್ಯಪ್‌ಗೆ ಅವನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿಯೊಂದು ಫ್ರೇಮನ್ನೂ ಬಿಡಿಸಿ, ಚಿತ್ರವನ್ನು ಅದರ ಮೇಲೆ ಅಂಟಿಸಿ, ಮತ್ತೆ ಹೊಸದಾಗಿ ಒತ್ತಿ ವಿಡಿಯೋ ಮಾಡಬೇಕು, ಅಂದರೆ ಎನ್‌ಕೋಡ್ ಮಾಡಬೇಕು. 4ಕೆ ಸಿನಿಮಾ ಆದರಂತೂ ಮುಗಿಯಿತು: ಲ್ಯಾಪ್‌ಟಾಪಿನ ಫ್ಯಾನ್ ಅರಚುತ್ತದೆ, ಸಂಭಾಷಣೆಯ ನಡುವೆ ಚಿತ್ರ ನಿಂತು ಚಕ್ರ ಸುತ್ತತೊಡಗುತ್ತದೆ. ಸಬ್‌ಟೈಟಲ್ ಆಫ್ ಮಾಡಿದ ಕೂಡಲೇ ಎಲ್ಲವೂ ಸರಾಗ! ವೈಫೈ ಮೇಲೆ ಗೂಬೆ ಕೂರಿಸಿ ಹೊಸ ರೌಟರ್ ಕೊಳ್ಳುವವರು ಮೊದಲು ಇದನ್ನೊಮ್ಮೆ ಪರೀಕ್ಷಿಸಲಿ.

ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದರೆ ಓಡುತ್ತಿರುವ ಸಿನಿಮಾವನ್ನು ಮರುಎನ್‌ಕೋಡ್ ಮಾಡುತ್ತಿರುವುದು ಯಾಕೆಂದು ಬರೆದಿರುತ್ತದೆ. ಸಬ್‌ಟೈಟಲ್‌ನಿಂದಲೋ, ಆಡಿಯೋದಿಂದಲೋ ಎಂದು ತಡಕಾಡುವ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮದ್ದೂ ಸುಲಭ: ಸಿನಿಮಾದ ಪಕ್ಕದಲ್ಲೇ, ಅದೇ ಹೆಸರಿನ ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಕಡತ ಇಡುವುದು. ಅದು ಬರಿ ಅಕ್ಷರವಾದ್ದರಿಂದ ಸ್ಟಿಕ್ ತಾನೇ ತೋರಿಸುತ್ತದೆ, ಫ್ಯಾನ್ ತೆಪ್ಪಗಾಗುತ್ತದೆ. ಎಸ್‌ಆರ್‌ಟಿ ಸಿಗದಿದ್ದರೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಆ ಚಿತ್ರಗಳನ್ನು ಓದಿ ಅಕ್ಷರವಾಗಿಸುತ್ತದೆ. ಆದರೆ ಹಾಗೆ ಓದುವಾಗ ಇಂಗ್ಲಿಷ್‌ನ ದೊಡ್ಡ ಐ ಮತ್ತು ಚಿಕ್ಕ ಎಲ್ ಅದಲುಬದಲಾಗುವುದುಂಟು. ಕೂತು ತಿದ್ದುವ ತಾಳ್ಮೆ ಬೇಕು.

ಎಲ್ಲ ಸಿನಿಮಾಕ್ಕೂ ಇಷ್ಟು ಶ್ರಮಪಡಲು ನನಗೆ ಪುರುಸೊತ್ತಿಲ್ಲ. ಆಗ ಕೈಹಿಡಿಯುವುದು ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್ ಕ್ವಿಕ್‌ ಸಿಂಕ್. ಎನ್‌ಕೋಡ್ ಮಾಡುವ ಭಾರವನ್ನು ಅದು ಹೊತ್ತರೆ ಹಳೆಯ ಯಂತ್ರವೂ ನಿಭಾಯಿಸುತ್ತದೆ. ಪ್ಲೆಕ್ಸ್‌ನಲ್ಲಿ ಈ ಸೌಲಭ್ಯಕ್ಕೆ ಪ್ಲೆಕ್ಸ್ ಪಾಸ್ ಎಂಬ ಸದಸ್ಯತ್ವ ಕೊಳ್ಳಬೇಕು, ಜೆಲ್ಲಿಫಿನ್‌ನಲ್ಲಿ ಬಿಡಿಗಾಸೂ ಬೇಡ. ನನ್ನದೇ ಯಂತ್ರದ ಶಕ್ತಿಯನ್ನು ಬಳಸಲು ನಾನೇ ಹಣ ಕೊಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ನನ್ನ ತೀರ್ಮಾನದ ಮುಕ್ಕಾಲು ಪಾಲು ಇಷ್ಟೇ.

ಡಿಟಿಎಸ್ ಎಂಬ ಮಾದರಿಯ ಆಡಿಯೋ ಸ್ಟಿಕ್‌ಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ, ಧ್ವನಿಯೊಂದನ್ನೇ ಬದಲಿಸುವುದು ಸರ್ವರ್‌ಗೆ ಹಗುರ ಕೆಲಸ. ರಿಮೋಟ್‌ನಲ್ಲಿ ಪಾಸ್‌ವರ್ಡ್ ಒತ್ತುವ ಶಿಕ್ಷೆಯೂ ಇಲ್ಲ: ಜೆಲ್ಲಿಫಿನ್‌ನ ಕ್ವಿಕ್ ಕನೆಕ್ಟ್ ಸೌಲಭ್ಯ ಟಿವಿಯಲ್ಲಿ ಕೊಡುವ ಆರಂಕಿಯ ಸಂಖ್ಯೆಯನ್ನು, ಆಗಲೇ ಲಾಗಿನ್ ಆಗಿರುವ ಮೊಬೈಲಿನಲ್ಲಿ ನಮೂದಿಸಿದರೆ ಆಯಿತು.

ಜೆಲ್ಲಿಫಿನ್ ಸೋಲುವುದು ಮನೆಯ ಹೊಸ್ತಿಲು ದಾಟಿದಾಗ. ಹೊರಗಿನಿಂದ ಸುರಕ್ಷಿತವಾಗಿ ನೋಡಬೇಕಾದರೆ ವಿಪಿಎನ್‌ನಂಥ (ಹೊರಗಿನಿಂದ ಮನೆಯ ಜಾಲಕ್ಕೆ ಗುಟ್ಟಿನ ದಾರಿ) ಏರ್ಪಾಡನ್ನು ನೀವೇ ಮಾಡಿಕೊಳ್ಳಬೇಕು. ಪ್ಲೆಕ್ಸ್‌ನಲ್ಲಿ ಅದು ಸಲೀಸು, ಆದರೆ 2025ರ ಏಪ್ರಿಲ್ ಕೊನೆಯಿಂದ ಅದಕ್ಕೂ ಹಣ ತೆರಬೇಕು. ಬೇರೆ ಊರಿನಲ್ಲಿರುವ ಅಪ್ಪ ಅಮ್ಮನಿಗೂ ನಿಮ್ಮ ಸಂಗ್ರಹ ತೋರಿಸುವ ಆಸೆಯಿದ್ದರೆ, ಅವರಿಗೆ ಫೋನಿನಲ್ಲಿ ವಿಪಿಎನ್ ಪಾಠ ಮಾಡುವ ಬದಲು ಪ್ಲೆಕ್ಸ್‌ಗೆ ಹಣ ಕೊಟ್ಟುಬಿಡಿ. ನಾನು ಸಿನಿಮಾ ನೋಡುವುದು ಮನೆಯಲ್ಲಿ, ಅದೂ ರಾತ್ರಿ ಊಟದ ನಂತರ. ನನಗೆ ಆ ಖರ್ಚು ದಂಡ.