ಕೇದಾರಕಂಠಕ್ಕೆ ದುಡ್ಡು ಕಟ್ಟೋ ಮುಂಚೆ ಸ್ಲೀಪಿಂಗ್ ಬ್ಯಾಗ್ ಲೇಬಲ್‌ನ ಫೋಟೊ ಕೇಳಿ

ಡಿಸೆಂಬರ್, ಜನವರಿಯಲ್ಲಿ ಮೊದಲ ಸಲ ಹಿಮಾಲಯಕ್ಕೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉತ್ತರಾಖಂಡದ ಕೇದಾರಕಂಠ ಶಿಖರದ ಟ್ರೆಕ್ಕಿಗೆ ಅಂತ ಬೆಂಗಳೂರಿನ ಒಂದು ಟ್ರೆಕಿಂಗ್ ಕಂಪನಿಗೆ ನಾವು ನಾಲ್ಕು ಜನ ಪೂರ್ತಿ ದುಡ್ಡು ಮುಂಚೆಯೇ ಕಟ್ಟಿ ಮೋಸಹೋಗಿದ್ದೇವೆ.

"ಬಿಗಿನರ್ಸ್‌ಗೆ ಹೇಳಿ ಮಾಡಿಸಿದ್ದು ಸರ್. ಕುಮಾರಪರ್ವತ ಹತ್ತಿದ್ದೀರಲ್ಲ, ಇದು ಅದಕ್ಕಿಂತ ಸುಲಭ" ಅಂದರು ಕಂಪನಿಯವರು. ಇಲ್ಲೇ ಎಚ್ಚರವಾಗಬೇಕಿತ್ತು. ಕುಮಾರಪರ್ವತ 1,712 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930. ಕೇದಾರಕಂಠದ ನಡಿಗೆ ಶುರುವಾಗುವ ಸಂಕ್ರಿ ಹಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ, ತುದಿ ಸುಮಾರು 3,800. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಅಷ್ಟೇ. ಕಾಲು ಎಷ್ಟೇ ಗಟ್ಟಿಯಿರಲಿ, ಆ ಕೊರತೆಗೆ ಮೈ ಒಗ್ಗಲು ರಾತ್ರಿಗಳು ಬೇಕು.

ಅಂಥ ಒಂದು ರಾತ್ರಿಯನ್ನೇ ಕತ್ತರಿಸಿದರು. ಕಾಗದದ ಮೇಲೆ ಇದ್ದದ್ದು ಎಲ್ಲರೂ ಕೊಡುವ ಪ್ಲಾನೇ: ಸಂಕ್ರಿ, ಜುಡಾ ಕಾ ತಲಾಬ್ (ಸುಮಾರು 2,770 ಮೀಟರ್), ಬೇಸ್ ಕ್ಯಾಂಪ್ (ಸುಮಾರು 3,430), ಆಮೇಲೆ ತುದಿ. ಸಂಕ್ರಿಗೆ ಹೋದ ಮೇಲೆ ಲೀಡರ್ ಬಂದು "ತಲಾಬ್ ಹತ್ರ ಜಾಗ ಫುಲ್ ಆಗಿದೆ, ನೇರ ಬೇಸ್‌ಗೆ ಹೋಗ್ಬಿಡೋಣ, ನಿಮಗೂ ಒಂದು ದಿನ ಉಳಿಯುತ್ತೆ" ಅಂದ. 2,500 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಇವರು ಒಂದೇ ದಿನಕ್ಕೆ ಸುಮಾರು 1,500 ಏರಿಸಿದರು! ಕೇಳಿದ್ದಕ್ಕೆ "ಎಲ್ಲಾ ಬ್ಯಾಚೂ ಹೀಗೇ ಹೋಗುತ್ತೆ ಸರ್".

ಇನ್ನು ಸ್ಲೀಪಿಂಗ್ ಬ್ಯಾಗ್. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಬುಕಿಂಗ್‌ನಲ್ಲಿ "-10 ಡಿಗ್ರಿ ಬ್ಯಾಗ್" ಅಂತ ಬರೆದು ಕೊಟ್ಟಿದ್ದರು. ಹಿಮದ ಮೇಲೆ ಟೆಂಟು, ಕೆಳಗೆ ತೆಳ್ಳನೆ ಮ್ಯಾಟ್ ಒಂದೇ, ನಾಲ್ಕೂ ಜನ ಜಾಕೆಟ್ ಹಾಕಿಕೊಂಡೇ ಒಳಗೆ ಸೇರಿ ನಡುಗುತ್ತಿದ್ದೆವು. ಹೆಡ್‌ಲ್ಯಾಂಪ್ ಹಾಕಿ ಒಳಮೈ ತಿರುಗಿಸಿ ನೋಡಿದರೆ ಹೊಲಿಗೆಯ ಹತ್ತಿರ ಬೆರಳುದ್ದದ ಬಿಳಿ ಲೇಬಲ್. ತೊಳೆದು ತೊಳೆದು ಅಕ್ಷರ ಮಾಸಿತ್ತು, ಆದರೂ ಓದಬಹುದಿತ್ತು: ಕಂಫರ್ಟ್ +3, ಲಿಮಿಟ್ -2, ಎಕ್ಸ್‌ಟ್ರೀಮ್ -18.

ಫೋಟೊ ಕಳಿಸಿದ್ದಕ್ಕೆ ಬೆಂಗಳೂರು ಆಫೀಸಿನಿಂದ ಬಂದ ಉತ್ತರ ಹಾಗೇ ಹಾಕುತ್ತಿದ್ದೇನೆ: "ಸರ್, ಅದರಲ್ಲಿ -18 ಅಂತಿದೆ ಅಲ್ವಾ? ನಾವು -10 ಅಂತ ಕಡಿಮೆನೇ ಹೇಳಿದ್ದೀವಿ."

ಕಡಿಮೆನೇ ಹೇಳಿದ್ದಾರಂತೆ! ಎಕ್ಸ್‌ಟ್ರೀಮ್ ಅಂದರೆ ಆ ಚಳಿಯಲ್ಲಿ ಆರು ಗಂಟೆ ಹೊತ್ತು ಜೀವ ಹೋಗದೆ ಉಳಿಯಬಹುದು ಅಂತಷ್ಟೇ. ಕೈಕಾಲು ಮರಗಟ್ಟಿ ಕೆಡಬಹುದು, ನಿದ್ದೆಯ ಮಾತೇ ಇಲ್ಲ. ಕಂಫರ್ಟ್ ಅಂದರೆ ಹಾಯಾಗಿ ನಿದ್ದೆ ಬರುವ ಚಳಿ, ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ಮಲಗಬಹುದಾದ ಚಳಿ. ಮಲಗಲು ನೋಡಬೇಕಾದದ್ದು ಕಂಫರ್ಟ್ ಅಂಕಿ ಒಂದೇ. ಚಳಿಗಾಲದಲ್ಲಿ ಬೇಸ್ ಕ್ಯಾಂಪಿನ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತೆ. ಅಲ್ಲಿಗೆ ಕಂಫರ್ಟ್ +3 ಬ್ಯಾಗ್ ಕೊಟ್ಟು -10 ಅಂತ ದುಡ್ಡು ತಗೊಂಡರು. ಇದನ್ನು ಮೋಸ ಅನ್ನದೆ ಇನ್ನೇನು ಅನ್ನಬೇಕು?

ಅದೇ ರಾತ್ರಿ ನಮ್ಮಲ್ಲಿ ಒಬ್ಬನಿಗೆ ತಲೆ ಸಿಡಿಯುವ ನೋವು, ಎರಡು ಸಲ ವಾಂತಿ. ಲೀಡರ್ "ಗ್ಯಾಸ್ಟ್ರಿಕ್ ಸರ್, ಬಿಸಿನೀರು ಕುಡೀರಿ, ತುದಿ ನೋಡಿದ್ರೆ ಸರಿಹೋಗುತ್ತೆ" ಅಂದ. ಎತ್ತರಕ್ಕೆ ಹೋದ ಮೇಲೆ ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು ಬಂದರೆ ಬೇರೆ ಕಾರಣ ಸಾಬೀತಾಗುವವರೆಗೆ ಎತ್ತರದ ಕಾಯಿಲೆ ಅಂತಲೇ ಹಿಡಿಯಬೇಕು, ಇನ್ನು ಮೇಲೆ ಹತ್ತಿಸಬಾರದು. ಕಾಯಿಲೆ ಮಿದುಳಿಗೆ ಏರಿದೆಯಾ ಅಂತ ನೋಡಲು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿದೆವು, ನಡೆದ. ತೂರಾಡಿದ್ದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ, ಆಗಲೇ ಇಳಿಸಬೇಕು. ಆಕ್ಸಿಜನ್ ಕೇಳಿದರೆ ತಂದುಕೊಟ್ಟಿದ್ದು ಸ್ಪ್ರೇ ಡಬ್ಬಿ. ಮೇಲೆ 10 ಲೀಟರ್ ಅಂತ ಬರೆದಿತ್ತು. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಐದೇ ನಿಮಿಷ! ಸಿಲಿಂಡರ್ "ಕೆಳಗಡೆ ಇದೆ" ಅಂದ. ಕೆಳಗಡೆ ಇಟ್ಟುಕೊಂಡು ಏನು ಮಾಡ್ತಾರೆ?

ಬೆಳಗಾಗುತ್ತಲೇ ನಾವೇ ಇಳಿಸಿಕೊಂಡು ಬಂದೆವು. ತಲಾಬ್ ದಾಟಿದ ಮೇಲೆ ನೋವು ಇಳಿಯಿತು. ಹಿಮದಲ್ಲಿ ಜಾರದಂತೆ ಶೂ ಕೆಳಗೆ ಹಾಕುವ ಮೈಕ್ರೋಸ್ಪೈಕ್ಸ್‌ನ ಚೈನು ಎರಡು ಕಡೆ ಕಿತ್ತು ಬಂದಿತ್ತು, ಬಾಡಿಗೆಗೆ ತಗೊಳ್ಳುವಾಗಲೇ ಎಳೆದು ನೋಡಿ.

ದುಡ್ಡು ವಾಪಸ್ ಕೇಳಿದರೆ: "ನೀವಾಗೇ ಇಳಿದಿದ್ದು ಸರ್, ನಾವು ಇಳಿಸಿಲ್ಲ. ಮುಂದಿನ ಟ್ರೆಕ್‌ಗೆ ವೋಚರ್ ಕೊಡ್ತೀವಿ."

2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದವರೇ ಒಂಬತ್ತು ಜನ ತೀರಿಕೊಂಡರು. ಅದಾದ ಮೇಲೂ "ಏನೂ ಆಗಲ್ಲ ಸರ್" ಅನ್ನಲು ಇವರಿಗೆ ಬಾಯಾದರೂ ಹೇಗೆ ಬರುತ್ತೆ?

ದುಡ್ಡು ಕಟ್ಟುವ ಮುಂಚೆ ಪ್ರತಿ ರಾತ್ರಿ ಎಷ್ಟು ಮೀಟರಿನಲ್ಲಿ ಮಲಗಿಸುತ್ತಾರೆ ಅಂತ ಬರೆಸಿಕೊಳ್ಳಿ. ಬ್ಯಾಗಿನ ಕಂಫರ್ಟ್ ಅಂಕಿ ಕಾಣುವ ಫೋಟೊ, ಸಿಲಿಂಡರ್ ಎಷ್ಟು ಲೀಟರಿನದು, ಯಾವ ಕ್ಯಾಂಪಿನವರೆಗೆ ಬರುತ್ತೆ ಅನ್ನುವುದು, ಅಸ್ವಸ್ಥರನ್ನು ಇಳಿಸುವ ಖರ್ಚು ಯಾರದು ಅನ್ನುವುದು, ಎಲ್ಲಾ ವಾಟ್ಸಾಪ್‌ನಲ್ಲೇ ಬರಲಿ, ಫೋನಲ್ಲಿ ಬೇಡ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಾಮಾಕ್ಸ್ ಬೇಕಾ ಅಂತ ಡಾಕ್ಟರನ್ನೇ ಕೇಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮರೆಯದೆ ಹೇಳಿ. ನಾವು ಫೋನಲ್ಲಿ ಮಾತಾಡಿದ್ದಕ್ಕೆ ಒಂದೂ ಸಾಕ್ಷಿಯಿಲ್ಲ. ಕೈಯಲ್ಲಿ ಉಳಿದಿರುವುದು ಆ ಲೇಬಲ್ಲಿನ ಫೋಟೊ, "-10" ಅಂತ ಬರೆದ ಬುಕಿಂಗ್ ಕಾಗದ. ಅವೆರಡನ್ನೇ ಇಟ್ಟುಕೊಂಡು ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ.