ಪಿಲಿಕುಳದ ತಾರಾಲಯ: ಮುಖ್ಯೋಪಾಧ್ಯಾಯಿನಿಯ ದೃಷ್ಟಿಯಲ್ಲಿ

ಪ್ರೌಢಶಾಲೆಯ ಮಕ್ಕಳನ್ನು ಕರೆದೊಯ್ಯುವ ಮುಖ್ಯೋಪಾಧ್ಯಾಯಿನಿಯಾಗಿ, ಮಂಗಳೂರಿನ ಪಿಲಿಕುಳದಲ್ಲಿರುವ ಸ್ವಾಮಿ ವಿವೇಕಾನಂದ ತಾರಾಲಯವನ್ನು ನಾನು ಪ್ರವಾಸಿ ತಾಣವೆಂದಲ್ಲ, ತರಗತಿಯ ಮುಂದುವರಿಕೆಯೆಂದೇ ಅಳೆಯುತ್ತೇನೆ. 2018ರಲ್ಲಿ ಆರಂಭವಾದ ಇದರ ಗುಮ್ಮಟದಡಿ ತ್ರೀಡಿ ಕನ್ನಡಕ ಧರಿಸಿ ಕುಳಿತರೆ, ಕರಿಹಲಗೆಯ ಮೇಲೆ ಎಷ್ಟು ವೃತ್ತ ಎಳೆದರೂ ಮೂಡಿಸಲಾಗದ ಆಕಾಶದ ಆಳ ಕಣ್ಣೆದುರು ತೆರೆದುಕೊಳ್ಳುತ್ತದೆ.

ಆದರೆ ಬೆರಗು ತಾನಾಗಿಯೇ ಕಲಿಕೆಯಾಗುವುದಿಲ್ಲ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ ಎಂಬುದನ್ನು ಹೊರಡುವ ಮೊದಲೇ ಕೋನಮಾಪಕ ಹಿಡಿದು ಚರ್ಚಿಸಿದ ಮಕ್ಕಳು, ಪ್ರದರ್ಶನ ಮುಗಿದ ಮೇಲೆ ದಿಲ್ಲಿಯಲ್ಲಿ ಅದು ಎಲ್ಲಿ ಕಾಣುತ್ತದೆ ಎಂದು ಕೇಳುತ್ತಾರೆ. ಸಿದ್ಧತೆಯಿಲ್ಲದೆ ಬಂದವರು ಊಟ ಯಾವಾಗ ಎಂದು ಕೇಳುತ್ತಾರೆ. ಆದ್ದರಿಂದ ವಿಜ್ಞಾನ ಶಿಕ್ಷಕರೊಬ್ಬರ ಮೇಲೆಯೇ ಹೊರೆ ಹಾಕದೆ, ಗಣಿತ ಮತ್ತು ಸಮಾಜ ವಿಜ್ಞಾನದ ಶಿಕ್ಷಕರನ್ನೂ ಜೊತೆಗೆ ಕಳುಹಿಸಿ, ಮರುದಿನದ ವೇಳಾಪಟ್ಟಿಯಲ್ಲಿ ಚರ್ಚೆಗೆ ಒಂದು ಅವಧಿ ಬಿಡಿಸಿಕೊಡುವುದು ಶಾಲೆಯ ಮುಖ್ಯಸ್ಥರ ಕೆಲಸ.

ಅದೇ ಆವರಣದ ಪ್ರಾದೇಶಿಕ ವಿಜ್ಞಾನ ಕೇಂದ್ರವನ್ನು ಸೇರಿಸಿಕೊಂಡರೆ ಒಂದು ದಿನ ಭರ್ತಿಯಾಗುತ್ತದೆ. ಮೃಗಾಲಯವನ್ನು ಮುಂದಿನ ವರ್ಷಕ್ಕೆ ಬಿಡಬಹುದು (ಮಕ್ಕಳು ಒಪ್ಪುವುದಿಲ್ಲ, ಅದು ಬೇರೆ ಮಾತು). ಎಂಟು ಮತ್ತು ಒಂಬತ್ತನೆಯ ತರಗತಿಯವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.